ಮ್ಯಾಕ್ಸ್ ಪೇನ್ ಒಂದೇ ಸಾಕಿತ್ತಾ? ಹಾಸ್ಟೆಲ್ ಗುಂಪಿನ ಭಾನುವಾರದ ಜಗಳ

ಗುಂಪಿನ ಹೆಸರು: ಎ ಬ್ಲಾಕ್ 2000–04 (ಗೆಟ್ ಟುಗೆದರ್ ದುಡ್ಡು ಕಳಿಸಿ!!)

ಮಂಜ: [ಫಾರ್ವರ್ಡ್ ಆದ ಚಿತ್ರ: 2022ರ ಏಪ್ರಿಲ್ ಸುದ್ದಿ. ರೆಮಿಡಿ ಮತ್ತು ರಾಕ್‌ಸ್ಟಾರ್ ಗೇಮ್ ಕಂಪನಿಗಳು ಸೇರಿ ಮ್ಯಾಕ್ಸ್ ಪೇನ್ 1 ಮತ್ತು 2 ಕಂಪ್ಯೂಟರ್ ಗೇಮ್‌ಗಳನ್ನು ಹೊಸದಾಗಿ ಮಾಡುತ್ತವೆ. ಕೆಳಗೆ ಯಾರೋ ಕೆಂಪಕ್ಷರದಲ್ಲಿ ಬರೆದಿದ್ದಾರೆ: "3 ಯಾಕಿಲ್ಲ? ಯಾಕಂದ್ರೆ ಅದು ಮ್ಯಾಕ್ಸ್ ಪೇನೇ ಅಲ್ಲ."]

ಮಂಜ: ಸುದ್ದಿ ಹಳೇದು, ಗೊತ್ತು. ಕೆಂಪಕ್ಷರ ಮಾತ್ರ ಸತ್ಯ.

ಗಿರಿ: 3 ಬಿಡು, 2 ಕೂಡ ಬೇಕಿರಲಿಲ್ಲ. 2001ರಲ್ಲೇ ಕಥೆ ಮುಗಿಯಿತು. ಪೊಲೀಸ್ ಮ್ಯಾಕ್ಸ್ ತನ್ನ ಹೆಂಡತಿ ಮಗುವನ್ನು ಕೊಂದವರನ್ನು ಹುಡುಕಿಕೊಂಡು ಹೋದ, ಕೊನೆಗೆ ಆ ವಿಲನ್ ಹೆಂಗಸಿನ ಹೆಲಿಕಾಪ್ಟರ್ ಬೀಳಿಸಿದ, ಪೊಲೀಸರು ಕರೆದುಕೊಂಡು ಹೋದರು. ಆಮೇಲೆ ಇನ್ನೇನಿದೆ ಹೇಳೋಕೆ? ದುಡ್ಡು ಬಂತು, ಇನ್ನೊಂದು ಮಾಡಿದರು, ಅಷ್ಟೇ.

ಹರೀಶ: ಬೆಳಗ್ಗೆ ಬೆಳಗ್ಗೆ ಶುರುವಾಯ್ತಲ್ಲ ಮಾರಾಯ. ಇಲ್ಲಿ ಮ್ಯೂನಿಕ್‌ನಲ್ಲಿ ಇನ್ನೂ ಕಾಫಿ ಆಗಿಲ್ಲ. ಆದ್ರೂ ಹೇಳ್ತೇನೆ, ಮೂರರಲ್ಲೂ ನನಗೆ ಜಾಸ್ತಿ ಹಿಡಿಸಿದ್ದು 3.

ಮಂಜ: ಯಾರಾದ್ರೂ ಇವನನ್ನ ಗುಂಪಿಂದ ತೆಗೀರಪ್ಪ

ಪಾಟೀಲ (ಅಡ್ಮಿನ್): ತೆಗೆಯೋದಿಲ್ಲ, ಅವನೊಬ್ಬನೇ ಟೈಮಿಗೆ ದುಡ್ಡು ಕಳಿಸಿದವ. ಉಳಿದವರು ಊಟದ ಲೆಕ್ಕ ಕೊಡ್ರಪಾ. ವೆಜ್ ಎಷ್ಟು, ನಾನ್‌ವೆಜ್ ಎಷ್ಟು?

ಮಂಜ: ಗಿರಿ, ನೀನು 2ನ್ನು ಬೈಯಬೇಡ. 2003ರ ಅಕ್ಟೋಬರ್‌ನಲ್ಲಿ ಬಂದ ಗೇಮ್, ನಮ್ಮ ಕೈಗೆ ಸಿಡಿ ಸಿಕ್ಕಿದ್ದು ಏಳನೇ ಸೆಮ್ ಮುಗಿಯುವಾಗ. ಪ್ರಾಜೆಕ್ಟ್ ರಿಪೋರ್ಟ್ ಪಕ್ಕಕ್ಕಿಟ್ಟು ಎರಡೇ ರಾತ್ರಿಯಲ್ಲಿ ಮುಗಿಸಿದ್ದೆ, ಚಿಕ್ಕದು ಅಂತ ಬೈದಿದ್ದೂ ಉಂಟು. ಆದ್ರೆ ಒಂದು ಗುಂಡು ಹಾರಿಸಿದರೆ ಡಬ್ಬ, ಟೈರು, ಪೇಂಟ್ ಡಬ್ಬಿ ಎಲ್ಲಾ ನಿಜವಾಗಿ ಉರುಳಿ ಬೀಳೋದನ್ನ ಅದಕ್ಕೆ ಮುಂಚೆ ನೋಡಿದ್ವಾ? ನಾನು ಶತ್ರುಗಳನ್ನ ಬಿಟ್ಟು ಕಪಾಟುಗಳಿಗೆ ಹೊಡೆಯುತ್ತಾ ಕೂತಿದ್ದೆ.

ಗಿರಿ: ಡಬ್ಬ ಉರುಳಿದರೆ ಕಥೆ ಆಗತ್ತಾ?

ಶುಭಾ: ಡಬ್ಬ ಬಿಡು, ಕಥೆಯನ್ನೇ ಮಾತಾಡೋಣ. ಲೇಡೀಸ್ ಹಾಸ್ಟೆಲ್‌ನಲ್ಲಿ ಕಂಪ್ಯೂಟರ್ ಇರಲಿಲ್ಲ, ರಜಕ್ಕೆ ಊರಿಗೆ ಹೋದಾಗ ಅಣ್ಣನ ಹತ್ತಿರ ಜಗಳ ಆಡಿ ಆಡಿದವಳು ನಾನು, ಹಾಗಾಗಿ ಕಷ್ಟಪಟ್ಟು ಗಳಿಸಿದ ಅಭಿಪ್ರಾಯ ಇದು 😄 ಮೊದಲನೇದರಲ್ಲಿ ಮ್ಯಾಕ್ಸ್ ಮೇಲೆ ಒಂದು ಕೊಲೆ ಆರೋಪ ಬರುತ್ತೆ ನೆನಪಿದೆಯಾ? ಜೊತೆ ಕೆಲಸದ ಅಲೆಕ್ಸ್ ಬಾಲ್ಡರ್‌ನ ಕೊಂದ ಅಂತ ಇಡೀ ನ್ಯೂಯಾರ್ಕ್ ಪೊಲೀಸರು ಅವನ ಹಿಂದೆ ಬೀಳ್ತಾರೆ. ಅವನು ಕೊಂದಿರಲ್ಲ. ಎರಡನೇದರಲ್ಲಿ ಏನಾಗುತ್ತೆ? ತನ್ನ ಜೊತೆಗೇ ಕೆಲಸ ಮಾಡುವ ಡಿಟೆಕ್ಟಿವ್ ವಿಂಟರ್‌ಸನ್‌ಗೆ ಅವನೇ ಗುಂಡು ಹೊಡೀತಾನೆ, ಅವನು ಪ್ರೀತಿಸುವ ಬಾಡಿಗೆ ಕೊಲೆಗಾತಿ ಮೋನಾ ತಪ್ಪಿಸಿಕೊಳ್ಳಲಿ ಅಂತ. ಮೊದಲು ಸುಳ್ಳಾಗಿದ್ದ ಆರೋಪವನ್ನ ಎರಡನೇ ಸಲ ಅವನೇ ನಿಜ ಮಾಡ್ತಾನೆ. ಇದು ದುಡ್ಡಿಗೆ ಮಾಡಿದ ಪಾರ್ಟ್ 2 ಅಂತ ಹೇಗೆ ಹೇಳ್ತೀಯ?

ಗಿರಿ: ವಿಂಟರ್‌ಸನ್ ಕೆಟ್ಟವಳೇ ತಾನೇ

ಶುಭಾ: ಅದು ಅವನಿಗೆ ಆಮೇಲೆ ಗೊತ್ತಾಗೋದು. ಗುಂಡು ಹೊಡೆಯುವಾಗ ಗೊತ್ತಿರಲಿಲ್ಲ. ವ್ಯತ್ಯಾಸ ಅಲ್ಲೇ ಇರೋದು ಕಣೋ.

ಮಂಜ: 🔥🔥

ಗಿರಿ: ವ್ಲಾಡ್ ವಿಷಯ? ಮೊದಲನೇದರಲ್ಲಿ ಮ್ಯಾಕ್ಸ್‌ಗೆ ಬಂದೂಕು ಕೊಟ್ಟು ಸಹಾಯ ಮಾಡಿದ ರಷ್ಯನ್ ಡಾನ್, ಎಷ್ಟು ಚೆನ್ನಾಗಿದ್ದ. 2ರಲ್ಲಿ ಅವನೇ ವಿಲನ್. ಇದು ನನಗೆ ಮೋಸ ಅನ್ನಿಸಿತು. ಹಳೇ ಸ್ನೇಹಿತನನ್ನ ಹಾಳು ಮಾಡಿ ಹೊಸ ಕಥೆ ಹೊಸೆದರು.

ಶುಭಾ: ಇದು ಮಾತ್ರ ಒಳ್ಳೇ ಪಾಯಿಂಟ್, ಒಪ್ಪಿದೆ. ಮೊದಲನೇದನ್ನ ಈಗ ಮತ್ತೆ ಆಡಿದರೆ ವ್ಲಾಡ್ ನಗುವಾಗೆಲ್ಲಾ ಅನುಮಾನ ಬರುತ್ತೆ. ಆದ್ರೆ ಬಂದೂಕು ಕೊಡುವ ಡಾನ್‌ನ ನೀನು ಯಾಕೆ ಅಷ್ಟು ನಂಬಿದೆ?

ಪಾಟೀಲ: ಸ್ಪಾಯ್ಲರ್ ಹಾಕಬ್ಯಾಡ್ರಿ, ನಾನಿನ್ನೂ ಆಡಿಲ್ಲ

ಮಂಜ: 20 ವರ್ಷದ ಮೇಲಾಯ್ತು ಸ್ವಾಮಿ!! ಇನ್ನು ಯಾವಾಗ ಆಡ್ತೀರಿ, ರಿಟೈರ್ ಆದಮೇಲಾ

ಮಂಜ: ಅಂದಹಾಗೆ ವಾರ್ಡನ್ ಕಥೆ ಯಾರಿಗೆ ನೆನಪಿದೆ? ಮೊದಲನೇದರಲ್ಲಿ ಕನಸಿನ ಲೆವೆಲ್ ಇದೆಯಲ್ಲ, ಸುತ್ತ ಕಗ್ಗತ್ತಲು, ನೆಲದ ಮೇಲೆ ಒಂದು ರಕ್ತದ ಗೆರೆ, ಅದರ ಮೇಲೇ ನಡೆಯಬೇಕು, ಕಾಲು ಜಾರಿದರೆ ಕೆಳಗೆ ಬಿದ್ದು ಸಾಯ್ತೀವಿ. ಹಿಂದೆ ಮಗು ಅಳುವ ಸದ್ದು. ನನ್ನ ಹಳೇ ಮಾನಿಟರ್‌ನಲ್ಲಿ ಆ ಗೆರೆ ಕಾಣುತ್ತಲೇ ಇರಲಿಲ್ಲ, ಬ್ರೈಟ್‌ನೆಸ್ ತಿರುವುವ ಗುಬ್ಬಿ ಬೇರೆ ಮುರಿದು ಒಳಗೆ ಹೋಗಿತ್ತು, ಇಕ್ಕಳದಲ್ಲಿ ತಿರುಗಿಸುತ್ತಿದ್ವಿ. ಇಪ್ಪತ್ತು ಸಲ ಬಿದ್ದೆ, ಇಪ್ಪತ್ತು ಸಲ ಆ ಮಗು ಮೊದಲಿಂದ ಅತ್ತಿತು. ರಾತ್ರಿ ಎರಡು ಗಂಟೆಗೆ ವಾರ್ಡನ್ ಬಾಗಿಲು ಬಡಿದು "ಇಲ್ಲಿ ಮಗು ಯಾರದು?" ಅಂತ ಕೇಳಿದರು. ಮಂಚದ ಕೆಳಗೂ ಬಗ್ಗಿ ನೋಡಿದರು.

ಹರೀಶ: 😂😂😂 ಅಯ್ಯೋ ಮಾರಾಯ ಅದು ಮರೆತೇಹೋಗಿತ್ತು

ಗಿರಿ: ಆ ಲೆವೆಲ್ ಮಾಡಿದವನಿಗೆ ನನ್ನ ಶಾಪ ಇದೆ, ಈಗಲೂ.

ಶುಭಾ: ಅದೇ ಲೆವೆಲ್‌ಗಳಲ್ಲಿ ಅವನಿಗೆ ಒಂದು ಕಾಗದ ಸಿಗುತ್ತೆ, ನೀನು ಇರೋದು ಕಾಮಿಕ್ಸ್ ಒಳಗೆ ಅಂತ. ಆಮೇಲೆ ಇನ್ನೊಂದು, ನೀನು ಇರೋದು ಕಂಪ್ಯೂಟರ್ ಗೇಮ್ ಒಳಗೆ ಅಂತ. ನನಗೆ ಮೈ ಜುಂ ಅಂದಿತ್ತು. ಆ ಕಾಮಿಕ್ಸ್ ಪುಟಗಳಿಗೂ ದೊಡ್ಡ ನಟರಿಲ್ಲ. ಕಥೆ ಬರೆದ ಸ್ಯಾಮ್ ಲೇಕ್‌ನ ಮುಖವೇ ಮ್ಯಾಕ್ಸ್‌ಗೆ. ವಿಲನ್ ನಿಕೋಲ್ ಹಾರ್ನ್ ಅವನ ಸ್ವಂತ ಅಮ್ಮ. ಫಿನ್‌ಲೆಂಡ್‌ನ ರೆಮಿಡಿ ಅನ್ನೋ ಒಂದು ಸಣ್ಣ ತಂಡ, ಮನೆಯವರನ್ನೇ ನಿಲ್ಲಿಸಿ ಫೋಟೋ ತೆಗೆದು ನ್ಯೂಯಾರ್ಕ್ ಕಥೆ ಮಾಡಿದರು.

ಮಂಜ: ನಾನು ಹೇಳೋದೂ ಅದನ್ನೇ! 3ರಲ್ಲಿ ಅದ್ಯಾವುದೂ ಇಲ್ಲ. ಹೆಸರಿನ ಹಕ್ಕನ್ನ 2002ರಲ್ಲೇ ರಾಕ್‌ಸ್ಟಾರ್‌ನ ಮಾಲೀಕ ಕಂಪನಿ ಟೇಕ್-ಟೂ ಕೊಂಡುಕೊಂಡಿತು. 2012ರಲ್ಲಿ 3 ಮಾಡಿದ್ದು ರಾಕ್‌ಸ್ಟಾರ್, ಬರೆದದ್ದು ಡ್ಯಾನ್ ಹೌಸರ್ ತಂಡ. ಹಿಮ ಹಳೇ ನೆನಪಿನ ಲೆವೆಲ್‌ಗಳಲ್ಲಿ ಮಾತ್ರ, ಕಾಮಿಕ್ಸ್ ಪುಟ ಇಲ್ಲ. ಬ್ರೆಜಿಲ್‌ನ ಸಾವೊ ಪಾಲೊ, ಬಿಸಿಲು, ಬೋಳು ತಲೆ, ಹೂವಿನ ಅಂಗಿ. ಮೋನಾ ಕಥೆಯನ್ನ ಹೆಚ್ಚುಕಮ್ಮಿ ಮರೆತೇಬಿಟ್ಟಿದ್ದಾರೆ. ಬೇರೆ ಯಾವುದೋ ಮಾಜಿ ಪೊಲೀಸ್‌ನ ಕಥೆಗೆ ನಮ್ಮ ಮ್ಯಾಕ್ಸ್ ಹೆಸರಿನ ಬೋರ್ಡ್ ಹಾಕಿದ ಹಾಗೆ. ನಮ್ಮೂರ ಹಳೇ ಹೋಟೆಲ್ ಮಾರಿದ ಮೇಲೆ ಹೊಸಬರು ಬೋರ್ಡ್ ಅದೇ ಇಟ್ಟುಕೊಂಡು ಗೋಬಿ ಮಂಚೂರಿ ಶುರು ಮಾಡಿದರಲ್ಲ, ಹಾಗೆ.

ಗಿರಿ: ಕಟ್‌ಸೀನ್, ಅಂದ್ರೆ ನಡುವೆ ಬರುವ ಸಿನಿಮಾ ತುಣುಕು, ಅದನ್ನ ಬೇರೆ ಸ್ಕಿಪ್ ಮಾಡೋಕೆ ಬಿಡಲ್ಲ ಎಷ್ಟೋ ಕಡೆ. ಹಿಂದೆ ಲೋಡ್ ಆಗ್ತಾ ಇರುತ್ತಂತೆ.

ಹರೀಶ: ಸರಿ, ಕಾಫಿ ಆಯ್ತು. ಈಗ ಕೇಳಿ, ಉದ್ದ ಬರೀತೇನೆ.

ಹರೀಶ: ನಾನು 3 ಆಡಿದ್ದು 2012ರಲ್ಲಿ, ಇಲ್ಲಿಗೆ ಬಂದ ಹೊಸತರಲ್ಲಿ. ಖಾಲಿ ಫ್ಲ್ಯಾಟು, ಒಂದು ಹಾಸಿಗೆ, ಒಂದು ಲ್ಯಾಪ್‌ಟಾಪ್. ಜರ್ಮನ್ ಒಂದಕ್ಷರ ಬಾರದು, ಬೇಕರಿಯಲ್ಲಿ ಬೆರಳು ತೋರಿಸಿ ಬ್ರೆಡ್ ತಗೊಳ್ತಿದ್ದೆ. ಗೇಮ್ ಶುರುವಾದ್ರೆ ಮ್ಯಾಕ್ಸ್ ಕೂಡ ಪರ ಊರಿನ ಫ್ಲ್ಯಾಟ್‌ನಲ್ಲಿ ಒಬ್ಬನೇ ಕೂತು ಕುಡೀತಾ ಇದ್ದಾನೆ. ಸುತ್ತ ಜನ ಪೋರ್ಚುಗೀಸ್ ಮಾತಾಡ್ತಾರೆ, ಕೆಳಗೆ ಇಂಗ್ಲಿಷ್ ಅನುವಾದ ಹಾಕೋದೇ ಇಲ್ಲ. ಮೊದಲು ನಾನು ಸೆಟ್ಟಿಂಗ್ಸ್‌ಗೆ ಹೋಗಿ ಹುಡುಕಿದೆ, ಏನೋ ಆಫ್ ಆಗಿದೆ ಅಂತ. ಆಮೇಲೆ ಹೊಳೆಯಿತು, ಅವನಿಗೆ ಅರ್ಥ ಆಗದ್ದು ನಮಗೂ ಅರ್ಥ ಆಗಬಾರದು ಅಂತ ಬೇಕೂಂತಲೇ ಮಾಡಿದ್ದು. ಎದುರಿಗಿದ್ದವ ಬೈತಾ ಇದ್ದಾನಾ, ದಾರಿ ಹೇಳ್ತಾ ಇದ್ದಾನಾ ಗೊತ್ತಾಗದೆ ನಿಲ್ಲೋದು ಇದೆಯಲ್ಲ, ಅದನ್ನ ನಾನು ಅದೇ ದಿನ ಬೆಳಗ್ಗೆ ಮುನ್ಸಿಪಾಲಿಟಿ ಕೌಂಟರ್‌ನಲ್ಲಿ ಅನುಭವಿಸಿ ಬಂದಿದ್ದೆ.

ಶುಭಾ: ಓಹ್. ಇದು ನನಗೆ ಹೊಳೆದೇ ಇರಲಿಲ್ಲ.

ಹರೀಶ: ಇನ್ನೊಂದು. 1ರಲ್ಲಿ ಮ್ಯಾಕ್ಸ್ ಹಾರಿ ಗುಂಡು ಹೊಡೆದು ನೆಲಕ್ಕೆ ಬಿದ್ದರೆ ಸ್ಪ್ರಿಂಗ್ ತರ ಎದ್ದುಬಿಡ್ತಾನೆ. 3ರಲ್ಲಿ ಬಿದ್ದರೆ ಬಿದ್ದಲ್ಲೇ ಇರ್ತಾನೆ. ಮಲಗಿಕೊಂಡೇ ಹೊಡೀಬೇಕು, ಏಳೋಕೆ ಟೈಮ್ ಬೇಕು. ಉದ್ದ ಬಂದೂಕು ಇದ್ದರೆ ಅದು ಮಾಯವಾಗಲ್ಲ, ಒಂದು ಕೈಯಲ್ಲಿ ಅದನ್ನ ಹಿಡ್ಕೊಂಡೇ ಇನ್ನೊಂದು ಕೈಯಲ್ಲಿ ಪಿಸ್ತೂಲ್ ಹೊಡೀತಾನೆ. ಮೈಗೆ ಭಾರ ಇದೆ. ಆಗ ನನಗೆ ಮೂವತ್ತು, ಸುಮ್ನೆ ನೋಡಿದ್ದೆ. ಕಳೆದ ವರ್ಷ ಮತ್ತೆ ಆಡಿದೆ, ಸ್ಲಿಪ್ ಡಿಸ್ಕ್ ಆದ ಮೇಲೆ. ಪ್ರತಿ ಸಲ ಅವನು ನೆಲದಿಂದ ಏಳುವಾಗ ನನ್ನ ಸೊಂಟ ಹಿಡೀತಿತ್ತು.

ಮಂಜ: ನಿನ್ನ ಸೊಂಟಕ್ಕೂ ಕಥೆಗೂ ಏನು ಸಂಬಂಧ 😂

ಹರೀಶ: ಸಂಬಂಧ ಉಂಟು. ಬೋಳು ತಲೆ ಅಂತ ನಗ್ತೀಯಲ್ಲ, ಅವನು ಯಾವಾಗ ತಲೆ ಬೋಳಿಸ್ತಾನೆ ಹೇಳು? ಕಾವಲು ಕಾಯಬೇಕಾದ ಬ್ರಾಂಕೊ ಮನೆಯ ರೊಡ್ರಿಗೊ ಕೊಲೆಯಾದ ಮೇಲೆ. ಅಲ್ಲೇ ಕುಡಿತವನ್ನೂ ಬಿಡ್ತಾನೆ. 2ರ ಕೊನೆಯಲ್ಲಿ ಮೋನಾ ಸತ್ತಾಗ ಪಾಪ ಅನ್ನಿಸಿ ಮುಗಿಸ್ತಾರೆ, ಸರಿ, ಚೆಂದ ಇದೆ. ಆದ್ರೆ ಮಾರನೇ ದಿನ ಆ ಮನುಷ್ಯ ಏನು ಮಾಡಿದ? ಅದನ್ನ ಕೇಳಿದ್ದು 3 ಒಂದೇ.

ಶುಭಾ: ಡೆಡ್ ಆನ್ ಅರೈವಲ್ ಅನ್ನೋ ಅತಿ ಕಷ್ಟದ ಮಟ್ಟದಲ್ಲಿ 2ನ್ನು ಮುಗಿಸಿದರೆ ಮೋನಾ ಬದುಕ್ತಾಳೆ. ಮಾಹಿತಿಗಾಗಿ.

ಹರೀಶ: ಅಷ್ಟು ಕಷ್ಟಪಟ್ಟು ಯಾರು ಬದುಕಿಸಿದ್ದು ಮಾರಾಯ್ತಿ!

ಶುಭಾ: ನಾನು. ಅಣ್ಣನ ಕಂಪ್ಯೂಟರ್. ಒಂದು ದೀಪಾವಳಿ ರಜ ಪೂರ್ತಿ.

ಮಂಜ: 🙏🙏 ಅಮ್ಮಾ ತಾಯಿ

ಮಂಜ: ಸರಿ ಹರೀಶ, ಭಾಷೆ ವಿಷಯ ಒಪ್ಪಿದೆ, ಬೀಳೋದು ಏಳೋದೂ ಒಪ್ಪಿದೆ. ಆದ್ರೂ ಆ ಕಥೆಗೆ ಮ್ಯಾಕ್ಸ್ ಪೇನೇ ಯಾಕೆ ಬೇಕಿತ್ತು? ಹೊಸ ಹೆಸರಿಟ್ಟು ಮಾಡಬಹುದಿತ್ತಲ್ವಾ?

ಹರೀಶ: ಧ್ವನಿ. ಮೂರಕ್ಕೂ ಜೇಮ್ಸ್ ಮೆಕ್‌ಕ್ಯಾಫ್ರಿ. 1ರಲ್ಲಿ ಮುಖ ಸ್ಯಾಮ್ ಲೇಕ್‌ದು, 2ರಲ್ಲಿ ಬೇರೆ ನಟ, 3ರಲ್ಲಿ ಮುಖ, ಮೈ ಎಲ್ಲಾ ಅವರದ್ದೇ. ಎರಡು ಸಲ ಮುಖ ಬದಲಾಯ್ತು, ನಾವು ಒಂದು ಸಲವೂ ಇವನು ಯಾರು ಅಂತ ಕೇಳಲಿಲ್ಲ, ಆ ಧ್ವನಿ ಇತ್ತು ಅಂತ. ಹೊಸ ಹೆಸರಿಟ್ಟಿದ್ದರೆ ಅವನ ಸುಸ್ತು ನಮಗೆ ತಾಗುತ್ತಿರಲಿಲ್ಲ. ಎರಡು ಗೇಮ್‌ನ ಸುಸ್ತು ಅದು.

ಶುಭಾ: ಇದಕ್ಕೊಂದು ಬಾಲ ಇದೆ. ರೆಮಿಡಿಯವರ ಕೈಯಲ್ಲಿ ಮ್ಯಾಕ್ಸ್ ಹಕ್ಕು ಇರಲಿಲ್ಲವಲ್ಲ, 2023ರ ಅಕ್ಟೋಬರ್‌ನಲ್ಲಿ ಅವರು ಅಲನ್ ವೇಕ್ 2 ಅನ್ನೋ ಗೇಮ್ ತಂದರು, ಮೊದಲನೇದು ಬಂದು 13 ವರ್ಷದ ಮೇಲೆ. ಅದರಲ್ಲಿ ಅಲೆಕ್ಸ್ ಕೇಸಿ ಅಂತ ಒಬ್ಬ ಡಿಟೆಕ್ಟಿವ್. ಮುಖ ಸ್ಯಾಮ್ ಲೇಕ್. ಧ್ವನಿ ಮೆಕ್‌ಕ್ಯಾಫ್ರಿ. ನ್ಯೂಯಾರ್ಕ್, ರಾತ್ರಿ, ಉದ್ದ ಕೋಟು. ಹೆಸರು ಬಿಟ್ಟು ಮಿಕ್ಕಿದ್ದೆಲ್ಲಾ ಇದೆ. ಅಂದ್ರೆ ಬೋರ್ಡ್ ಒಬ್ಬರ ಹತ್ತಿರ, ಅಡುಗೆಯವನು ಪಕ್ಕದ ಬೀದೀಲಿ. ಮಂಜ, ನಿನ್ನ ಹೋಟೆಲ್ ಲೆಕ್ಕದಲ್ಲಿ ಅಸಲಿ ಪಾರ್ಟ್ 3 ಅದೇ ಆಗಬೇಕು.

ಮಂಜ: ಅದು ಭಯದ ಗೇಮ್. ಹಾರಿ ಹಾರಿ ಗುಂಡು ಹೊಡೆಯೋದು ಎಲ್ಲಿದೆ ಅದರಲ್ಲಿ?

ಶುಭಾ: ಈಗ ನೀನೇ ಗಿರಿ ತರ ಮಾತಾಡ್ತಿದ್ದೀಯ. ಡಬ್ಬ ಉರುಳಿದರೆ ಮಾತ್ರ ಮ್ಯಾಕ್ಸ್ ಪೇನಾ?

ಗಿರಿ: ನನ್ನ ಹೆಸರು ಯಾಕೆ ಎಳೀತೀರಾ

ಹರೀಶ: ಮೆಕ್‌ಕ್ಯಾಫ್ರಿ ತೀರಿಹೋದರು, ಗೊತ್ತಲ್ಲ. ಅದೇ ವರ್ಷ ಡಿಸೆಂಬರ್. ಅಲನ್ ವೇಕ್ 2 ಬಂದು ಎರಡು ತಿಂಗಳೂ ಆಗಿರಲಿಲ್ಲ. 65 ವರ್ಷ.

ಮಂಜ: ಗೊತ್ತಿರಲಿಲ್ಲ ಮಗಾ.

ಮಂಜ: ಛೇ.

ಪಾಟೀಲ: 🙏

(ಇಪ್ಪತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ. ನಡುವೆ ಒಬ್ಬರು "ಶುಭ ಭಾನುವಾರ" ಅಂತ ದಾಸವಾಳದ ಚಿತ್ರ ಹಾಕಿ ಹೋದರು.)

ಮಂಜ: ಹಾಗಾದ್ರೆ 1, 2 ಹೊಸದಾಗಿ ಮಾಡಿದರೆ ಮಾತು ಯಾರದು? ನಾನಂತೂ ಹಳೇ ರೆಕಾರ್ಡಿಂಗನ್ನೇ ಇಟ್ಟುಕೊಳ್ಳಲಿ ಅಂತೀನಿ. ಸ್ವಲ್ಪ ಗರಗರ ಅಂದರೂ ಪರವಾಗಿಲ್ಲ.

ಗಿರಿ: ಹೊಸದಾಗಿ ಮಾಡೋದೇ ಬೇಡ. ಮೊದಲನೇದು ಹೇಗಿತ್ತೋ ಹಾಗೇ ಚೆಂದ. ಅದರ ಕೊನೆ ಎಷ್ಟು ಸರಿಯಾಗಿತ್ತು. ಅದನ್ನ ಮುಟ್ಟಬಾರದು, ಮುಂದುವರೆಸಲೂಬಾರದು. ಇದೇ ನನ್ನ ಕೊನೇ ಮಾತು.

ಶುಭಾ: ಗಿರಿ, ಒಂದು ಸಣ್ಣ ಪ್ರಶ್ನೆ. ಕೊನೇ ಲೆವೆಲ್‌ನಲ್ಲಿ ಆ ಹೆಲಿಕಾಪ್ಟರ್ ಬೀಳಿಸೋಕೆ ಎಲ್ಲಿಗೆ ಗುಂಡು ಹೊಡೀಬೇಕು?

ಗಿರಿ: ಹೆಲಿಕಾಪ್ಟರ್‌ಗೇ

ಮಂಜ: 😳

ಶುಭಾ: ಅದಕ್ಕೆ ಹೊಡೆದರೆ ಏನೂ ಆಗಲ್ಲ. ಟೆರೇಸ್ ಮೇಲಿನ ಆಂಟೆನಾ ಕಂಬವನ್ನ ಬಿಗಿದು ಕಟ್ಟಿರ್ತಾರಲ್ಲ, ಆ ತಂತಿಗಳಿಗೆ ಹೊಡೀಬೇಕು. ಕಂಬ ಹೋಗಿ ಹೆಲಿಕಾಪ್ಟರ್ ಮೇಲೆ ಬೀಳುತ್ತೆ. ಆಡಿದವರು ಯಾರೂ ಮರೆಯಲ್ಲ ಇದನ್ನ, ನಾನು ಎಂಟು ಸಲ ಸತ್ತಿದ್ದೀನಿ ಅಲ್ಲಿ.

ಮಂಜ: ಲೋ ಗಿರಿ

ಮಂಜ: ಗಿರಿ??

ಹರೀಶ: ಟೈಪಿಂಗ್ ಅಂತ ಬರ್ತಾ ಉಂಟು, ನಿಲ್ತಾ ಉಂಟು 😂

ಗಿರಿ: ಆ ಕನಸಿನ ಲೆವೆಲ್‌ನಲ್ಲಿ ಸಿಡಿ ಕೈಕೊಟ್ಟಿತು. ಮಂಜನ ರೂಮಿಂದ ನನಗೆ ಬರುವಷ್ಟರಲ್ಲಿ ಅದರ ಮೇಲೆ ಯಾರೋ ಮ್ಯಾಗಿ ತಟ್ಟೆ ಇಟ್ಟಿದ್ದರು. ಮಗು ಅಳುತ್ತೆ, ಅಲ್ಲಿಗೇ ಹ್ಯಾಂಗ್ ಆಗುತ್ತೆ. ಮಿಕ್ಕಿದ್ದು ಮಂಜ ಆಡುವಾಗ ಹಿಂದೆ ಕೂತು ನೋಡಿದ್ದು, ಕೊನೆಗೆ ನಿದ್ದೆ ಬಂದಿತ್ತು. 2 ಬಂದಾಗ ಪ್ಲೇಸ್‌ಮೆಂಟ್ ಗಲಾಟೆ. 3 ಯೂಟ್ಯೂಬಲ್ಲಿ ನೋಡಿದೆ.

ಮಂಜ: ಅಂದ್ರೆ ಬೆಳಗ್ಗಿಂದ ಒಂದೇ ಸಾಕಿತ್ತು ಅಂತಿದ್ದೆಯಲ್ಲ, ಆ ಒಂದನ್ನೂ ಮುಗಿಸಿಲ್ಲ!!!!

ಹರೀಶ: ಯೂಟ್ಯೂಬಲ್ಲಿ ಕಟ್‌ಸೀನ್ ಸ್ಕಿಪ್ ಮಾಡೋಕೆ ಆಗುತ್ತಲ್ಲ ಮಾರಾಯ 😂😂

ಪಾಟೀಲ: ಗಿರಿ ಅಂದ್ರ ಗಿರಿ 😂 ನಾನರ ಆಡಿಲ್ಲ ಅಂತ ಮೊದಲೇ ಒಪ್ಪಿಕೊಂಡೆ

ಗಿರಿ: ಸರಿ ಸರಿ, ನಗಿ. ಈಗ ಎಲ್ಲಿ ಸಿಗುತ್ತೆ ಅದು?

ಮಂಜ: ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯಲ್ಲಿದೆ. ಆದ್ರೆ ಈಗಿನ ವಿಂಡೋಸ್‌ನಲ್ಲಿ ಸದ್ದು ಸರಿಯಾಗಿ ಬರಲ್ಲ, ಅಭಿಮಾನಿಗಳು ಮಾಡಿದ ಒಂದು ಪ್ಯಾಚ್ ಹಾಕಬೇಕು. ಫೋನ್‌ಗೂ ಬಂದಿದೆ 2012ರಲ್ಲೇ, ಆದ್ರೆ ಆ ರಕ್ತದ ಗೆರೆ ಮೇಲೆ ಹೆಬ್ಬೆರಳಲ್ಲಿ ನಡೆಯೋದು ಬೇಡ, ಫೋನ್ ಗೋಡೆಗೆ ಎಸೀತೀಯ.

ಶುಭಾ: ಸದ್ದಿಲ್ಲದೆ ಆಡಬೇಡ ಕಣೋ. ಆ ಮಗುವಿನ ಅಳು ಕೇಳಲೇಬೇಕು. ಹೆಡ್‌ಫೋನ್ ಹಾಕ್ಕೋ, ಮನೆಯವರು ಮಂಚದ ಕೆಳಗೆ ಹುಡುಕ್ತಾರೆ.

ಪಾಟೀಲ: ಗಿರಿ, ಅದಕ್ಕೂ ಮೊದಲು ಹೇಳು, ವೆಜ್ಜೋ ನಾನ್‌ವೆಜ್ಜೋ?

ಗಿರಿ: ಮಂಜ, ಪ್ಯಾಚ್ ಕಳಿಸು.