ಜರ್ಮನಿಯ ನ್ಯಾಯ ಸಚಿವಾಲಯ: ಆಡಳಿತ ಬದಲಾದಾಗ ಕುರ್ಚಿಯಲ್ಲಿ ಉಳಿದವರು ಯಾರು?

ದಫ್ತರದ ಹುಳು (ಪ್ರಶ್ನೆ)

ಜರ್ಮನಿಯ ನ್ಯಾಯ ಸಚಿವಾಲಯದ ಮುಖ್ಯಸ್ಥರ ಪಟ್ಟಿಯನ್ನು ಕೈಸರ್ ಕಾಲದಿಂದ 1990ರವರೆಗೆ ಜೋಡಿಸುವಾಗ ಮೂರು ಕಡೆ ಸಿಕ್ಕು ಬೀಳುತ್ತಿದೆ.

ಮೊದಲನೆಯದು ಫ್ರಾನ್ಸ್ ಗ್ಯುರ್ಟ್ನರ್. 1932ರಲ್ಲಿ ಚಾನ್ಸಲರ್ ಪಾಪೆನ್ ಸಂಪುಟಕ್ಕೆ ಬಂದವರು ಮುಂದಿನ ಚಾನ್ಸಲರ್ ಶ್ಲೈಖರ್ ಕಾಲದಲ್ಲೂ ಇದ್ದಾರೆ, ಹಿಟ್ಲರ್ ಬಂದ ಮೇಲೂ 1941ರಲ್ಲಿ ಸಾಯುವವರೆಗೆ ಕದಲಲಿಲ್ಲ. ಬೇರೆ ಪಕ್ಷದಿಂದ ಬಂದ ಮನುಷ್ಯನನ್ನು ಅಷ್ಟು ವರ್ಷ ಯಾಕೆ ಇಟ್ಟುಕೊಂಡರು? ಎರಡನೆಯದು, ಓಯ್ಗೆನ್ ಶಿಫರ್ ಹೆಸರು 1919ರಲ್ಲೂ ಇದೆ, 1945ರ ಸೋವಿಯತ್ ವಲಯದಲ್ಲೂ (ಯುದ್ಧದ ನಂತರ ಸೋವಿಯತ್ ಸೇನೆಯ ವಶದಲ್ಲಿದ್ದ ಪೂರ್ವ ಭಾಗ) ಇದೆ. ಇಬ್ಬರೂ ಒಬ್ಬರೇನಾ? ಮೂರನೆಯದು, 1945ರಿಂದ 1949ರವರೆಗಿನ ಖಾಲಿ ಜಾಗಕ್ಕೆ ಏನು ಬರೆಯೋದು?

ಜೊತೆಗೆ, ಪಶ್ಚಿಮ ಜರ್ಮನಿಯ ರಾಜಧಾನಿ ಬಾನ್‌ನಲ್ಲಿ ಕೂತ ಅಧಿಕಾರಿಯೊಬ್ಬ 1945ಕ್ಕೆ ಮುಂಚೆ ಎಲ್ಲಿದ್ದ, ಏನು ಮಾಡುತ್ತಿದ್ದ ಅಂತ ದಾಖಲೆ ಹಿಡಿದು ಪತ್ತೆ ಮಾಡುವ ಕ್ರಮ ಗೊತ್ತಿದ್ದವರು ತಿಳಿಸಿ.

ಮೊಹರು

ಶಿಫರ್ ಒಬ್ಬರೇ. ಹುಟ್ಟಿದ್ದು 1860ರಲ್ಲಿ. ವೈಮರ್ ಗಣರಾಜ್ಯದ (ಕೈಸರ್ ಹೋದಮೇಲೆ ಹಿಟ್ಲರ್ ಬರುವವರೆಗಿನ ಆಡಳಿತ) ಮೊದಲ ವರ್ಷಗಳಲ್ಲಿ ಎರಡು ಸಲ ನ್ಯಾಯ ಸಚಿವರು. ಎಂಬತ್ತೈದು ತುಂಬಿದ ವಯಸ್ಸಿನಲ್ಲಿ ಸೋವಿಯತ್ ವಲಯದ ಕೇಂದ್ರ ನ್ಯಾಯಾಡಳಿತವನ್ನು ವಹಿಸಿಕೊಂಡು 1948ರವರೆಗೆ ನಡೆಸಿದರು. ಅವರ ನಂತರ ಅಲ್ಲಿ ಮಾಕ್ಸ್ ಫೆಖ್ನರ್.

ಆದರೆ ನಿಮ್ಮ ಪಟ್ಟಿಯ ನಕ್ಷೆಯೇ ತಪ್ಪು. ಮಂತ್ರಿಗಳ ಹೆಸರು ಒಂದರ ಕೆಳಗೊಂದು ಬರೆದರೆ ಪ್ರತಿ ಸಲವೂ ಎಲ್ಲ ಬದಲಾದಂತೆ ಕಾಣುತ್ತದೆ. ಪಕ್ಕದಲ್ಲಿ ಇನ್ನೊಂದು ಅಂಕಣ ಹಾಕಿ: ಸ್ಟಾಟ್ಸ್‌ಸೆಕ್ರೆಟೇರ್, ಅಂದರೆ ಮಂತ್ರಿಯ ಕೆಳಗಿನ ಅತಿ ಹಿರಿಯ ಅಧಿಕಾರಿ. ವೈಮರ್ ಕಾಲದಲ್ಲಿ ಹತ್ತಕ್ಕೂ ಹೆಚ್ಚು ಮಂತ್ರಿಗಳು ಬಂದು ಹೋದರು. ಈ ಅಂಕಣದಲ್ಲಿ ಮಾತ್ರ 1920ರಿಂದ 1931ರವರೆಗೆ ಒಂದೇ ಹೆಸರು, ಕುರ್ಟ್ ಯೋಯೆಲ್. ಅವರು ಮಂತ್ರಿಯಾದಾಗ ಆ ಜಾಗಕ್ಕೆ ಬಂದವರು ಫ್ರಾನ್ಸ್ ಶ್ಲೇಗಲ್‌ಬೆರ್ಗರ್. ಗಣರಾಜ್ಯ ಹೋಯಿತು, ಹಿಟ್ಲರ್ ಬಂದ, ಶ್ಲೇಗಲ್‌ಬೆರ್ಗರ್ 1942ರ ಆಗಸ್ಟ್‌ವರೆಗೆ ಅಲ್ಲೇ. ಗ್ಯುರ್ಟ್ನರ್ ತೀರಿಕೊಂಡ ಮೇಲೆ ಒಂದೂವರೆ ವರ್ಷ ಹಂಗಾಮಿ ಸಚಿವರೂ ಅವರೇ.

ಮೂರನೇ ಅಂಕಣವೂ ಬೇಕು: ಸಚಿವಾಲಯದ ಕೈಯಲ್ಲಿ ಆಗ ಏನಿತ್ತು? 1877ರಲ್ಲಿ ಶುರುವಾದ ರೈಖ್ (ಜರ್ಮನ್ ಸಾಮ್ರಾಜ್ಯದ) ನ್ಯಾಯ ಕಚೇರಿಯ ಮುಖ್ಯ ಕೆಲಸ ಕಾನೂನು ಕರಡು ಬರೆಯುವುದು. 1900ರ ಜನವರಿ 1ರಂದು ಜಾರಿಗೆ ಬಂದ ನಾಗರಿಕ ಸಂಹಿತೆಯ ಕರಡು ಓಡಾಡಿದ್ದು ಅಲ್ಲೇ. ಕೋರ್ಟು, ಜೈಲು, ನ್ಯಾಯಾಧೀಶರ ನೇಮಕ ಬಹುಪಾಲು ಪ್ರಾಂತಗಳ ಕೈಲಿತ್ತು, 1919ರಲ್ಲಿ ಸಚಿವಾಲಯ ಅಂತ ಹೆಸರು ಬದಲಾದ ಮೇಲೂ. ಅದನ್ನು ಕಿತ್ತುಕೊಂಡದ್ದು 1934ರ ಫೆಬ್ರವರಿ, ಅದೇ ವರ್ಷದ ಡಿಸೆಂಬರ್ ಮತ್ತು 1935ರ ಜನವರಿಯ ಮೂರು ಕಾಯ್ದೆಗಳು. 1935ರ ಏಪ್ರಿಲ್ 1ರಿಂದ ದೇಶದ ಎಲ್ಲ ಕೋರ್ಟುಗಳೂ ಬರ್ಲಿನ್ ಅಧೀನ. 1949ರ ನಂತರ ಪಶ್ಚಿಮದಲ್ಲಿ ಮತ್ತೆ ಪ್ರಾಂತಗಳಿಗೆ ವಾಪಸು. ಹಾಗಾಗಿ 1930ರ ಸಚಿವ ಮತ್ತು 1938ರ ಸಚಿವ, ಹೆಸರು ಒಂದೇ ಆದರೂ ಹುದ್ದೆ ಒಂದೇ ಅಲ್ಲ.

1945–49ಕ್ಕೆ ಖಾಲಿ ಬಿಡಬೇಡಿ. ಪೂರ್ವದಲ್ಲಿ ಶಿಫರ್ ಕಚೇರಿ. ಬ್ರಿಟಿಷ್ ವಲಯಕ್ಕೆ ಹ್ಯಾಂಬರ್ಗ್‌ನಲ್ಲಿ 1946ರಿಂದ ಕೇಂದ್ರ ನ್ಯಾಯ ಕಚೇರಿ, ಅಧ್ಯಕ್ಷ ವಿಲ್‌ಹೆಲ್ಮ್ ಕೀಸೆಲ್‌ಬಾಖ್. ಅಮೆರಿಕನ್–ಬ್ರಿಟಿಷ್ ಜಂಟಿ ವಲಯದ ಕಾನೂನು ಕಚೇರಿ ವಾಲ್ಟರ್ ಸ್ಟ್ರೌಸ್ ಕೈಯಲ್ಲಿ. ಇದೇ ಸ್ಟ್ರೌಸ್ 1949ರಲ್ಲಿ ಬಾನ್ ಸಚಿವಾಲಯದ ಮೊದಲ ಸ್ಟಾಟ್ಸ್‌ಸೆಕ್ರೆಟೇರ್.

ಹಳೇ ಗೆಜೆಟ್

ಗ್ಯುರ್ಟ್ನರ್ ಪ್ರಶ್ನೆಗೆ: ಇಟ್ಟುಕೊಂಡದ್ದು ದಾಕ್ಷಿಣ್ಯಕ್ಕಲ್ಲ, ಉಪಯೋಗಕ್ಕೆ. 1922ರಿಂದ ಬವೇರಿಯಾದ ನ್ಯಾಯ ಸಚಿವ. 1923ರಲ್ಲಿ ಹಿಟ್ಲರ್ ನಡೆಸಿ ಸೋತ ದಂಗೆಯ ನಂತರ ಅವನ ವಿಚಾರಣೆ ಮ್ಯೂನಿಕ್‌ನಲ್ಲಿ ನಡೆದು ಹಗುರವಾದ ಶಿಕ್ಷೆಯಲ್ಲಿ ಮುಗಿದಾಗ ಆ ಖಾತೆ ಇವರದೇ. ಮುಂದೆ 1934ರಲ್ಲಿ ನಾಜಿ ಪಕ್ಷದ ಎಸ್‌ಎ ಪಡೆಯ ಮುಖ್ಯಸ್ಥ ಎರ್ನ್ಸ್ಟ್ ರೋಮ್ ಮತ್ತು ಇತರರನ್ನು ವಿಚಾರಣೆಯಿಲ್ಲದೆ ಕೊಂದಾಗ ಜುಲೈ 3ರಂದು ಒಂದೇ ಕಲಮಿನ ಕಾಯ್ದೆ ಹೊರಟಿತು: ಜೂನ್ 30, ಜುಲೈ 1 ಮತ್ತು 2ರಂದು ಕೈಗೊಂಡ ಕ್ರಮಗಳು ರಾಜ್ಯದ ಆತ್ಮರಕ್ಷಣೆಯಾದ್ದರಿಂದ ಕಾನೂನುಬದ್ಧ. ಕೆಳಗೆ ಮೂರು ಸಹಿ: ಹಿಟ್ಲರ್, ಒಳಾಡಳಿತ ಸಚಿವ ಫ್ರಿಕ್, ಗ್ಯುರ್ಟ್ನರ್. ಸಂಪ್ರದಾಯಸ್ಥ ವಕೀಲನೊಬ್ಬನ ಸಹಿಗೆ ಎಷ್ಟು ಬೆಲೆ ಅಂತ ಇದೊಂದರಲ್ಲೇ ಗೊತ್ತಾಗುತ್ತದೆ.

ಶ್ಲೇಗಲ್‌ಬೆರ್ಗರ್ ಇನ್ನೂ ನಾಜೂಕಿನ ಪ್ರಕರಣ. 1933ರ ಮಾರ್ಚ್‌ನಲ್ಲಿ, ಸಂಸತ್ ಭವನ ರೈಖ್‌ಸ್ಟಾಗ್‌ಗೆ ಬೆಂಕಿಯಿಟ್ಟ ಆರೋಪಿಗೆ ಪೂರ್ವಾನ್ವಯವಾಗಿ ಮರಣದಂಡನೆ ವಿಧಿಸಲು ಕಾಯ್ದೆ ಮಾಡಬಾರದು ಅಂತ ವಾದಿಸಿದ್ದು ಇವರೇ. ಕಾಯ್ದೆ ಬಂದಮೇಲೆ ಸುಮ್ಮನೆ ಕೆಲಸಕ್ಕೆ ಕೂತರು. 1941ರ ಅಕ್ಟೋಬರ್‌ಗೆ ಬನ್ನಿ: ಮೊಟ್ಟೆ ಕೂಡಿಟ್ಟ ಅಪರಾಧಕ್ಕೆ 74 ವರ್ಷದ ಯಹೂದಿ ವೃದ್ಧನೊಬ್ಬನಿಗೆ ಕೋರ್ಟು ಎರಡೂವರೆ ವರ್ಷ ಜೈಲು ಕೊಟ್ಟಿತ್ತು. ಹಿಟ್ಲರ್‌ಗೆ ಸಾಲಲಿಲ್ಲ. ಹಂಗಾಮಿ ಸಚಿವರು ಮೇಲ್ಮನವಿ ಹಾಕಿಸಲಿಲ್ಲ, ಮರುವಿಚಾರಣೆ ಇಲ್ಲ. ಆತನನ್ನು ಕೊಲ್ಲಲು ಗುಪ್ತ ಪೊಲೀಸ್ ಗೆಸ್ಟಾಪೋಗೆ ಒಪ್ಪಿಸಲಾಗಿದೆ ಅಂತ ಪತ್ರ ಬರೆದು ಕಡತ ಮುಚ್ಚಿದರು. ನ್ಯೂರೆಂಬರ್ಗ್ ತೀರ್ಪಿನಲ್ಲಿ ಈ ಕಡತದ ಪ್ರಸ್ತಾಪವಿದೆ. ನಿವೃತ್ತಿಯಾಗುವಾಗ ಹಿಟ್ಲರ್ ಕೊಟ್ಟ ಉಡುಗೊರೆ 1,00,000 ರೈಖ್ಸ್‌ಮಾರ್ಕ್.

ನಂತರ ಬಂದ ಓಟೋ ಟೀರಾಕ್ ಪಕ್ಕಾ ಪಕ್ಷದ ಮನುಷ್ಯ. ಜಾರಿಯಲ್ಲಿರುವ ಕಾನೂನನ್ನು ಮೀರಬಹುದು ಅಂತ ನೇಮಕದ ಆದೇಶದಲ್ಲೇ ಅಧಿಕಾರ ಕೊಟ್ಟಿದ್ದರು. ಒಂದು ತಿಂಗಳೊಳಗೆ, 1942ರ ಸೆಪ್ಟೆಂಬರ್ 18ರಂದು, ಕೈದಿಗಳನ್ನು ದುಡಿಸಿ ಸಾಯಿಸಲು ಎಸ್‌ಎಸ್ ಪಡೆ ಮತ್ತು ಪೊಲೀಸರ ಮುಖ್ಯಸ್ಥ ಹಿಮ್ಲರ್‌ಗೆ ಹಸ್ತಾಂತರಿಸುವ ಒಪ್ಪಂದ. ನ್ಯಾಯಾಧೀಶರು ಹೇಗೆ ತೀರ್ಪು ಬರೆಯಬೇಕು ಅಂತ ಸುತ್ತೋಲೆ ಹೊರಡಲು ಶುರುವಾದದ್ದೂ ಆ ಅಕ್ಟೋಬರ್‌ನಲ್ಲೇ. ಟೀರಾಕ್ 1946ರಲ್ಲಿ ಬಂಧನ ಶಿಬಿರದಲ್ಲೇ ಆತ್ಮಹತ್ಯೆ ಮಾಡಿಕೊಂಡದ್ದರಿಂದ ನ್ಯೂರೆಂಬರ್ಗ್‌ನಲ್ಲಿ ನಡೆದ 1947ರ ನ್ಯಾಯಾಧಿಕಾರಿಗಳ ಮೊಕದ್ದಮೆಯಲ್ಲಿ ಶ್ಲೇಗಲ್‌ಬೆರ್ಗರೇ ಮೊದಲ ಹೆಸರಾದರು. ಆರೋಪಿಗಳು 16, ಶಿಕ್ಷೆ 10 ಜನಕ್ಕೆ, ಖುಲಾಸೆ 4. ಉಳಿದಿಬ್ಬರಲ್ಲಿ ಒಬ್ಬ ಮೊದಲೇ ಆತ್ಮಹತ್ಯೆ ಮಾಡಿಕೊಂಡಿದ್ದ, ಇನ್ನೊಬ್ಬನ ವಿಚಾರಣೆ ಅನಾರೋಗ್ಯದಿಂದ ನಿಂತಿತು. ಶ್ಲೇಗಲ್‌ಬೆರ್ಗರ್‌ಗೆ ಜೀವಾವಧಿ, ಆರೋಗ್ಯದ ಕಾರಣಕ್ಕೆ ಕೆಲವೇ ವರ್ಷದಲ್ಲಿ ಹೊರಗೆ ಬಂದು 1970ರವರೆಗೆ ಬದುಕಿದರು.

ತಿದ್ದುಪಡಿ ಮಾಸ್ತರು

ಬಾನ್ ಭಾಗ ಅತ್ಯಂತ ಕುತೂಹಲದ್ದು. ಸಚಿವಾಲಯದ ತುದಿಯಲ್ಲಿದ್ದ ಇಬ್ಬರ ಬಗ್ಗೆ ಬೆರಳು ತೋರಿಸುವ ಹಾಗಿಲ್ಲ: ಮೊದಲ ಸಚಿವ ಥಾಮಸ್ ಡೇಲರ್ ಅವರ ಹೆಂಡತಿ ಯಹೂದಿ, ಸ್ಟ್ರೌಸ್ ಸ್ವತಃ ಯಹೂದಿ ಮೂಲದವರಾಗಿ ಕಿರುಕುಳ ಉಂಡವರು. ಆದರೂ ಇವರ ಕಾಲದಲ್ಲೇ ಹಿಟ್ಲರ್ ಕಾಲದ ಹಳಬರು ಸಾಲುಗಟ್ಟಿ ಒಳಗೆ ಬಂದರು. ಅಳತೆಗೋಲು ಒಂದೇ, ಕರಡು ಬರೆಯಲು ಬರುತ್ತದಾ? ಮೇಲಾಗಿ 1951ರ ಮೇ 11ರ ಕಾಯ್ದೆ, ಸಂವಿಧಾನದ 131ನೇ ವಿಧಿಯ ಅಡಿಯಲ್ಲಿ, ಕೆಲಸ ಕಳೆದುಕೊಂಡಿದ್ದ ಹಳೆಯ ನೌಕರರಿಗೆ ಶೇ 20 ಪಾಲು ಕೊಡಲೇಬೇಕು ಅಂತ ಇಲಾಖೆಗಳನ್ನು ಕಟ್ಟಿಹಾಕಿತು. ಸಚಿವಾಲಯವೇ ನೇಮಿಸಿದ ಆಯೋಗ 2016ರಲ್ಲಿ ಕೊಟ್ಟ ವರದಿಯ ಲೆಕ್ಕ: ಪರಿಶೀಲಿಸಿದ 170 ಮೇಲ್ದರ್ಜೆಯ ಕಾನೂನು ಅಧಿಕಾರಿಗಳಲ್ಲಿ 90 ಜನ ನಾಜಿ ಪಕ್ಷದ ಸದಸ್ಯರಾಗಿದ್ದವರು, 34 ಜನ ಎಸ್‌ಎ ಪಡೆಯವರು.

ಇದರಿಂದ ಆಗುವ ಹಾನಿ ಎಂಥದ್ದು ಅಂತ ನೋಡಲು 1968ರ ತಿದ್ದುಪಡಿ ಒಂದೇ ಸಾಕು. ಹೆಸರು ಕೇಳಿದರೆ ಟ್ರಾಫಿಕ್ ದಂಡದ ವಿಷಯ ಅನ್ನಿಸಬೇಕು: ಆಡಳಿತಾತ್ಮಕ ಉಲ್ಲಂಘನೆಗಳ ಕಾಯ್ದೆಯ ಪೀಠಿಕಾ ಕಾಯ್ದೆ. ಅದರ ಒಳಗೆ ದಂಡಸಂಹಿತೆಯ 50ನೇ ಕಲಂ ಎರಡನೇ ಉಪಕಲಮಿಗೆ ಒಂದು ಬದಲಾವಣೆ. ಕೊಲೆಗೆ ನೆರವಾದವನಿಗೆ ಸ್ವತಃ ಹೀನ ಉದ್ದೇಶ ಇರಲಿಲ್ಲ ಎಂದಾದರೆ ಶಿಕ್ಷೆ ಕಡ್ಡಾಯವಾಗಿ ಇಳಿಯಬೇಕು. ಲೆಕ್ಕ ಹೀಗೆ ಓಡುತ್ತದೆ: ಗರಿಷ್ಠ ಶಿಕ್ಷೆ ಜೀವಾವಧಿಯಿಂದ 15 ವರ್ಷಕ್ಕೆ ಇಳಿಯಿತು, ಅಂಥ ಅಪರಾಧಕ್ಕೆ ಮೊಕದ್ದಮೆಯ ಕಾಲಮಿತಿಯೂ 15 ವರ್ಷ, 1945ರ ಮೇ 8ರಿಂದ ಎಣಿಸಿದರೆ 1960ರ ಮೇ 8ಕ್ಕೇ ಮುಗಿದಿದೆ. ಕಾಯ್ದೆ ಜಾರಿಯಾದದ್ದು 1968ರ ಅಕ್ಟೋಬರ್ 1. ಅಂದರೆ ಬಾಗಿಲು ಎಂಟು ವರ್ಷ ಹಿಂದಿನಿಂದಲೇ ಮುಚ್ಚಿದ್ದ ಹಾಗಾಯಿತು. 1969ರ ಮೇ 20ರಂದು ಫೆಡರಲ್ ಸರ್ವೋಚ್ಚ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಮೇಜಿನ ಹಿಂದೆ ಕೂತು ಆದೇಶ ಬರೆದವರ ಮೇಲೆ ಬರ್ಲಿನ್‌ನಲ್ಲಿ ಸಿದ್ಧವಾಗುತ್ತಿದ್ದ ದೊಡ್ಡ ಮೊಕದ್ದಮೆ ಕುಸಿಯಿತು.

ದಂಡಸಂಹಿತೆ ಸುಧಾರಣೆಯ ಉಸ್ತುವಾರಿ ಆಗ ಎಡ್ವಾರ್ಡ್ ಡ್ರೇಯರ್ ಅವರದು. ಯುದ್ಧಕಾಲದಲ್ಲಿ ಇನ್ಸ್‌ಬ್ರುಕ್ ವಿಶೇಷ ಕೋರ್ಟಿನ ಸರ್ಕಾರಿ ವಕೀಲ, ಸಣ್ಣ ಕಳ್ಳತನಕ್ಕೆ ಮರಣದಂಡನೆ ಕೇಳಿದವರು. ಬೇಕೆಂದೇ ಮಾಡಿದ್ದೋ, ಕಣ್ತಪ್ಪೋ ಅಂತ ಇತಿಹಾಸಕಾರರು ಇನ್ನೂ ಜಗಳವಾಡುತ್ತಾರೆ. ಉದ್ದೇಶ ಸಾಬೀತು ಮಾಡುವ ಚೀಟಿ ಸಿಕ್ಕಿಲ್ಲ, ಹಾಗಾಗಿ ನಿಮ್ಮ ಟಿಪ್ಪಣಿಯಲ್ಲಿ ‘ಸಂಚು’ ಅಂತ ಬರೆಯಬೇಡಿ. ಸಂಸತ್ತಿನಲ್ಲಿ ಆ ಕಲಮನ್ನು ಯಾರೂ ಗಮನಿಸದೆ ಪಾಸು ಮಾಡಿದರು ಅನ್ನೋದು ಖಚಿತ. ಆಗಿನ ಸಚಿವ ಗುಸ್ಟಾವ್ ಹೈನೆಮಾನ್, ನಾಜಿ ವಿರೋಧಿ.

ದಫ್ತರದ ಹುಳು

ಅಂದರೆ ಮಂತ್ರಿಗೆ ಗೊತ್ತಿಲ್ಲದೆಯೇ ನಡೆಯುತ್ತಿತ್ತು ಅಂತಾಯಿತು. ಇದು ಊಹೆಯೋ, ಬೇರೆ ಉದಾಹರಣೆ ಇದೆಯೋ?

ಮೊಹರು

ಇದೆ, 1962ರ ಅಕ್ಟೋಬರ್. ಶ್ಪೀಗಲ್ ಪತ್ರಿಕೆಯ ಮೇಲೆ ಪೊಲೀಸ್ ದಾಳಿ ನಡೆಸುವ ವಿಷಯ ಸ್ಟಾಟ್ಸ್‌ಸೆಕ್ರೆಟೇರ್ ವಾಲ್ಟರ್ ಸ್ಟ್ರೌಸ್‌ಗೆ ಮೊದಲೇ ಗೊತ್ತಿತ್ತು. ಸಚಿವ ವೊಲ್ಫ್‌ಗಾಂಗ್ ಸ್ಟಾಂಬರ್ಗರ್‌ಗೆ ಹೇಳಲೇ ಇಲ್ಲ. ಸಚಿವರು ರಾಜೀನಾಮೆ ಕೊಟ್ಟರು, ಸ್ಟ್ರೌಸ್ ಹುದ್ದೆ ಬಿಟ್ಟು 1963ರಲ್ಲಿ ಯುರೋಪಿಯನ್ ನ್ಯಾಯಾಲಯಕ್ಕೆ ಹೋದರು.

ಗಡಿಯಾಚೆ

ಪೂರ್ವ ಜರ್ಮನಿಯ ಕಥೆಯನ್ನು ‘ಅಲ್ಲಿ ನಾಜಿಗಳನ್ನು ತೆಗೆದು ಶುದ್ಧ ಮಾಡಿದರು’ ಅಂತ ಒಂದು ಸಾಲಲ್ಲಿ ಮುಗಿಸುವವರು ಜಾಸ್ತಿ. ಅರ್ಧ ನಿಜ. ನಾಜಿ ಪಕ್ಷದಲ್ಲಿದ್ದ ನ್ಯಾಯಾಧೀಶರನ್ನು ತೆಗೆದದ್ದು ಹೌದು, ಬದಲಿಗೆ 1946ರಿಂದ ತರಬೇತಿ ಶಿಬಿರ ನಡೆಸಿ ‘ಜನತಾ ನ್ಯಾಯಾಧೀಶ’ರನ್ನು ತಯಾರಿಸಿದರು. ಶುರುವಿನ ತಂಡಗಳಿಗೆ ಕಲಿಕೆ ಆರೇಳು ತಿಂಗಳು ಅಷ್ಟೇ. ಆದರೆ 1949ರಿಂದ 1960ರವರೆಗೆ ಅಲ್ಲಿನ ಪ್ರಧಾನ ಸರ್ಕಾರಿ ವಕೀಲ ಎರ್ನ್ಸ್ಟ್ ಮೆಲ್ಸ್‌ಹೈಮರ್, ಹಿಟ್ಲರ್ ಕಾಲದಲ್ಲಿ ಬರ್ಲಿನ್‌ನ ಮೇಲ್ಮನವಿ ಕೋರ್ಟಿಗೆ ಬಡ್ತಿ ಪಡೆದ ನ್ಯಾಯಾಧೀಶ. ನಾಜಿ ಪಕ್ಷದ ಕಾರ್ಡು ಹುಡುಕಿದರೆ ಇವರ ಹೆಸರು ಸಿಗುವುದಿಲ್ಲ.

ಸಚಿವರ ಕ್ರಮ: ಫೆಖ್ನರ್ 1949–53, ಹಿಲ್ಡೆ ಬೆಂಜಮಿನ್ 1953–67, ಕುರ್ಟ್ ವ್ಯುನ್ಷೆ 1967–72, ಹನ್ಸ್-ಯೋವಾಖಿಮ್ ಹಾಯ್ಸಿಂಗರ್ 1972–90, ಮತ್ತೆ ವ್ಯುನ್ಷೆ 1990ರಲ್ಲಿ. ಫೆಖ್ನರ್ ಬಿದ್ದದ್ದು ಒಂದು ಸಂದರ್ಶನದಿಂದ. 1953ರ ಜೂನ್ 17ರ ದಂಗೆಯ ನಂತರ, ಮುಷ್ಕರದ ಹಕ್ಕು ಸಂವಿಧಾನದಲ್ಲೇ ಇದೆ ಅಂತ ಆಳುವ ಕಮ್ಯುನಿಸ್ಟ್ ಪಕ್ಷದ ಪತ್ರಿಕೆಗೆ ಹೇಳಿದರು. ವಜಾ, ಬಂಧನ, 1955ರಲ್ಲಿ 8 ವರ್ಷ ಶಿಕ್ಷೆ, 1956ರಲ್ಲಿ ಬಿಡುಗಡೆ.

1967ರ ನಂತರದ ಇಬ್ಬರೂ ಲಿಬರಲ್ ಡೆಮಾಕ್ರಟಿಕ್ ಪಕ್ಷದವರು ಅಂತ ನೋಡಿ ಉದಾರವಾಯಿತು ಅಂದುಕೊಳ್ಳಬೇಡಿ. ಆ ಪಕ್ಷ ಕಮ್ಯುನಿಸ್ಟರ ಬಾಲಂಗೋಚಿ. ಸರ್ಕಾರಿ ವಕೀಲರ ಇಲಾಖೆ 1952ರಿಂದಲೇ ಸಚಿವಾಲಯದ ಹೊರಗೆ. ನಿಜವಾದ ಹಿಡಿತ ಕಮ್ಯುನಿಸ್ಟ್ ಪಕ್ಷದ ಕೇಂದ್ರ ಸಮಿತಿಯ ರಾಜ್ಯ–ಕಾನೂನು ವಿಭಾಗದಲ್ಲಿ, 1954ರಿಂದ 1989ರವರೆಗೆ ಕ್ಲಾವ್ಸ್ ಸೋರ್ಗೆನಿಖ್ಟ್ ಕೈಯಲ್ಲಿ. ಪೂರ್ವಕ್ಕೆ ನಿಮ್ಮ ಎರಡನೇ ಅಂಕಣದಲ್ಲಿ ಬರಬೇಕಾದ ಹೆಸರು ಅದು.

ಹಳೇ ಗೆಜೆಟ್

ಪತ್ತೆ ಮಾಡುವ ಕ್ರಮಕ್ಕೆ ಯಾರೂ ಕೈ ಹಾಕಿಲ್ಲ, ಆದ್ದರಿಂದ ಇದು.

ಮೊದಲು ಪೂರ್ಣ ಹೆಸರು ಮತ್ತು ಹುಟ್ಟಿದ ದಿನಾಂಕ. ದಿನಾಂಕವಿಲ್ಲದೆ ಮುಂದೆ ಹೋಗಬೇಡಿ, ಮ್ಯುಲ್ಲರ್, ಶ್ಮಿಟ್‌ಗಳು ನೂರಾರು ಇದ್ದಾರೆ. ನಂತರ ಫೆಡರಲ್ ಪತ್ರಾಗಾರದ ಇನ್‌ವೆನಿಯೊ ಹುಡುಕಾಟದಲ್ಲಿ ಮೂರು ಸಂಗ್ರಹ ನೋಡಿ: ರೈಖ್ ನ್ಯಾಯ ಸಚಿವಾಲಯ ಆರ್ 3001, ಬಾನ್ ಸಚಿವಾಲಯ ಬಿ 141, ಪೂರ್ವ ಜರ್ಮನಿಯ ಸಚಿವಾಲಯ ಡಿಪಿ 1. ನಾಜಿ ಪಕ್ಷದ ಸದಸ್ಯತ್ವದ ಕಾರ್ಡುಗಳು ಆರ್ 9361ರಲ್ಲಿವೆ. ಕೇಂದ್ರ ಸೂಚಿ, ಸ್ಥಳೀಯ ಸೂಚಿ ಅಂತ ಎರಡಿವೆ, ಎರಡೂ ಪೂರ್ತಿ ಉಳಿದಿಲ್ಲ. ಒಂದರಲ್ಲಿ ಸಿಗದಿದ್ದರೆ ಇನ್ನೊಂದರಲ್ಲೂ ನೋಡಿ; ಎರಡರಲ್ಲೂ ಇಲ್ಲದಿದ್ದರೆ ‘ಸದಸ್ಯನಲ್ಲ’ ಅನ್ನದೆ ‘ಕಾರ್ಡು ಸಿಕ್ಕಿಲ್ಲ’ ಅಂತಷ್ಟೇ ಬರೆಯಿರಿ.

ಎಡವುವುದು ಸದಸ್ಯತ್ವದ ದಿನಾಂಕದಲ್ಲಿ. 1933ರ ಮೇ 1ರ ನಂತರ ಹೊಸ ಸೇರ್ಪಡೆ ನಿಲ್ಲಿಸಿ 1937ರಲ್ಲಿ ತೆರೆದರು, ಅದಕ್ಕೇ ಸಾಲು ಸಾಲು ಕಾರ್ಡುಗಳಲ್ಲಿ 1937ರ ಮೇ 1 ಅಂತಿದೆ. ಆ ದಿನಾಂಕ ನೋಡಿ ಮನುಷ್ಯನ ನಿಷ್ಠೆ ಅಳೆಯಲಾಗದು. ಶ್ಲೇಗಲ್‌ಬೆರ್ಗರ್ ಪಕ್ಷ ಸೇರಿದ್ದು 1938ರಲ್ಲಿ, ಕಡತಗಳ ಮೇಲಿನ ಸಹಿಗಳು ಅದಕ್ಕಿಂತ ಐದು ವರ್ಷ ಹಳೆಯವು. ಕಾರ್ಡಿಗಿಂತ ಯಾವ ವಿಭಾಗ, ಯಾವ ವಿಷಯ, ಯಾವ ಟಿಪ್ಪಣಿಗೆ ಯಾರ ಕಿರುಸಹಿ ಅನ್ನೋದೇ ಮುಖ್ಯ. ಫ್ರಾನ್ಸ್ ಮಾಸ್‌ಫೆಲ್ಲರ್ ಉದಾಹರಣೆ ತೆಗೆದುಕೊಳ್ಳಿ: ಜನಾಂಗ ಕಾಯ್ದೆಗಳಿಗೆ ವ್ಯಾಖ್ಯಾನ ಬರೆದವರು, ಯಹೂದಿಗಳ ಸಾಮೂಹಿಕ ಹತ್ಯೆಯನ್ನು ಸಂಘಟಿಸಲು ಕರೆದ ವಾನ್‌ಸೇ ಸಭೆಯ ಮುಂದುವರಿದ ಸಭೆಗಳಿಗೆ ಸಚಿವಾಲಯದ ಪರವಾಗಿ ಹೋದವರು, ಬಾನ್‌ನಲ್ಲಿ ಕೂತದ್ದು ಕೌಟುಂಬಿಕ ಕಾನೂನಿನ ಮೇಜಿನಲ್ಲಿ.

ವ್ಯಕ್ತಿಯ ಸೇವಾ ಕಡತ ತೆರೆಯುವುದು ಸತ್ತು 10 ವರ್ಷದ ಮೇಲೆ. ಸತ್ತ ವರ್ಷ ಗೊತ್ತಿಲ್ಲದಿದ್ದರೆ ಹುಟ್ಟಿ 100 ವರ್ಷ. ಮರಣದ ದಾಖಲೆ ಅರ್ಜಿಯ ಜೊತೆಗೇ ಲಗತ್ತಿಸಿದರೆ ಒಂದು ಸುತ್ತು ಓಡಾಟ ಉಳಿಯುತ್ತದೆ. ಇನ್ನು ಪೂರ್ವ ಬರ್ಲಿನ್ 1957ರಿಂದ ಪ್ರಕಟಿಸಿದ ‘ರಕ್ತಪಿಪಾಸು ನ್ಯಾಯಾಧೀಶರ’ ಪಟ್ಟಿಗಳನ್ನು ಬರೀ ಪ್ರಚಾರ ಅಂತ ಬದಿಗಿಡಬೇಡಿ. ಉದ್ದೇಶ ಪ್ರಚಾರದ್ದೇ, ಒಳಗಿನ ದಾಖಲೆಗಳು ಬಹುಮಟ್ಟಿಗೆ ಅಸಲಿ. ಅದರ ಒತ್ತಡಕ್ಕೇ ಪಶ್ಚಿಮ 1961ರ ನ್ಯಾಯಾಧೀಶರ ಕಾಯ್ದೆಗೆ 116ನೇ ಕಲಂ ಸೇರಿಸಿ, ಯುದ್ಧಕಾಲದಲ್ಲಿ ಕೆಲಸ ಮಾಡಿದ್ದ ನ್ಯಾಯಾಧೀಶರು, ಸರ್ಕಾರಿ ವಕೀಲರು 1962ರ ಜೂನ್ 30ರೊಳಗೆ ತಾವಾಗಿಯೇ ನಿವೃತ್ತಿ ಕೇಳಲು ಅವಕಾಶ ಕೊಟ್ಟಿತು. ಪಿಂಚಣಿಗೆ ಧಕ್ಕೆ ಇಲ್ಲ, ಪ್ರಶ್ನೆ ಕೇಳುವುದಿಲ್ಲ. ಹಾಗಿದ್ದೂ ಎದ್ದು ಹೋದವರು 149 ಮಂದಿ ಮಾತ್ರ.