‘ಪೊಲೆಡ್ನಿತ್ಸೆ’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಒಂದು ಪದ ಎರಡು ದಿನದಿಂದ ತಲೆ ತಿನ್ನುತ್ತಿದೆ, ಸ್ವಲ್ಪ ಸಹಾಯ ಮಾಡಿ.

ಚೆಕ್ ಸಂಗೀತಗಾರ ಡ್ವೊರ್ಝಾಕ್ ಅಂದರೆ ಎಲ್ಲರೂ ಅಮೆರಿಕದಲ್ಲಿ ಬರೆದ ಒಂಬತ್ತನೆಯ ಸಿಂಫನಿಯನ್ನೇ ಹೇಳುತ್ತಾರೆ. 1895ರಲ್ಲಿ ಊರಿಗೆ ಮರಳಿದ ಮೇಲೆ ಆತ ಮತ್ತೆ ಸಿಂಫನಿ ಬರೆಯಲೇ ಇಲ್ಲ. ಬದಲಿಗೆ 1896ರಲ್ಲಿ, ಎರ್ಬೆನ್ ಎಂಬ ಕವಿಯ ಕಥನಕವನಗಳನ್ನು ಹಿಡಿದು ನಾಲ್ಕು ವಾದ್ಯವೃಂದದ ಕೃತಿಗಳನ್ನು ಬರೆದ. ಇವುಗಳನ್ನು ಕೇಳಿದವರು ಕಡಿಮೆ. ಗೆಳೆಯರಿಗೆಂದು ಇವಕ್ಕೆ ಸಣ್ಣ ಟಿಪ್ಪಣಿ ಬರೆಯಲು ಕೂತೆ, ಹೆಸರಿನಲ್ಲೇ ಎಡವಿದೆ.

ಮೊದಲನೆಯದು ‘ವೊಡ್ನಿಕ್’. ಅದಕ್ಕೆ ‘ನೀರಭೂತ’ ಸಾಕು, ತಕರಾರಿಲ್ಲ. ಎರಡನೆಯದು ‘ಪೊಲೆಡ್ನಿತ್ಸೆ’. ಇಂಗ್ಲಿಷಿನಲ್ಲಿ ಇದನ್ನು ‘ನೂನ್ ವಿಚ್’ ಅನ್ನುತ್ತಾರೆ, ನಾನೂ ಸುಮ್ನೆ ‘ಮಧ್ಯಾಹ್ನದ ಮಾಟಗಾತಿ’ ಅಂತ ಬರೆದುಬಿಟ್ಟಿದ್ದೆ. ಆಮೇಲೆ ಕವನದ ಕಥೆ ನೋಡಿದರೆ ಅಲ್ಲಿ ಮಾಟವೇ ಇಲ್ಲ! ಮಾಟಗಾತಿ ಅಂದರೆ ಮಾಟ ಮಾಡುವ ಮನುಷ್ಯಳು ಅಲ್ವಾ? ಇವಳು ಮನುಷ್ಯಳೇ ಅಲ್ಲ.

ಕಥೆ ಇಷ್ಟು. ಅಮ್ಮ ಅಡುಗೆ ಮಾಡುತ್ತಿದ್ದಾಳೆ, ಗಂಡ ಊಟಕ್ಕೆ ಬರುವ ಹೊತ್ತಾಗಿದೆ. ಮಗು ಹಠ ಹಿಡಿದು ಅಳುತ್ತಿದೆ, ಆಟದ ಹುಂಜ ಕೊಟ್ಟರೂ ಸುಮ್ಮನಾಗುತ್ತಿಲ್ಲ. ತಾಳ್ಮೆ ಕೆಟ್ಟು ‘ಪೊಲೆಡ್ನಿತ್ಸೆ, ಬಂದು ಇದನ್ನ ಎತ್ಕೊಂಡು ಹೋಗು’ ಅನ್ನುತ್ತಾಳೆ. ಬಾಗಿಲು ತೆರೆಯುತ್ತದೆ. ಕುಳ್ಳಗೆ, ಕಂದುಬಣ್ಣದ, ತಲೆ ಮೇಲೆ ಬಟ್ಟೆ ಹೊದ್ದ ಸೊಟ್ಟಗಾಲಿನ ಒಂದು ಆಕಾರ ಒಳಗೆ ಬರುತ್ತದೆ. ಸಂಗೀತದಲ್ಲಿ ಇಲ್ಲಿ ಬಾಸ್ ಕ್ಲಾರಿನೆಟ್ ಎಂಬ ಊದುವ ವಾದ್ಯ ತಗ್ಗು ದನಿಯಲ್ಲಿ ತೆವಳಿ ಬರುತ್ತದೆ, ಅದಕ್ಕೆ ಮುಂಚೆ ಮಗುವಿನ ರಗಳೆಯನ್ನು ಓಬೋ ಎಂಬ ಇನ್ನೊಂದು ಊದುವ ವಾದ್ಯ ಕುಟ್ಟಿ ಕುಟ್ಟಿ ಹೇಳಿರುತ್ತದೆ, ಹಾಗಾಗಿ ಈ ಬದಲಾವಣೆಗೆ ಮೈ ಜುಂ ಅನ್ನುತ್ತದೆ. ಕೊನೆಗೆ ಗಂಟೆ ಹನ್ನೆರಡು ಹೊಡೆಯುತ್ತದೆ. ಗಂಡ ಬಂದು ನೋಡಿದರೆ ಹೆಂಡತಿ ಮೂರ್ಛೆ ಹೋಗಿದ್ದಾಳೆ, ಎದೆಗವಚಿಕೊಂಡ ಮಗು ಉಸಿರುಗಟ್ಟಿ ಸತ್ತಿದೆ.

ಇದು ನಮ್ಮ ‘ಗುಮ್ಮ ಬರ್ತಾನೆ ನೋಡು’ ತಾನೇ? ಪುರಂದರದಾಸರ ಹಾಡಿನಲ್ಲೂ ಗುಮ್ಮನನ್ನು ಕರೆಯಬೇಡ ಅಂತ ಮಗು ಅಮ್ಮನನ್ನೇ ಬೇಡಿಕೊಳ್ಳುತ್ತದೆ. ಆದರೆ ನಮ್ಮ ಗುಮ್ಮ ಎಂದೂ ಬರುವವನಲ್ಲ. ಇಲ್ಲಿ ಬಂದೇ ಬಿಡುತ್ತಾಳೆ. ದೆವ್ವ, ಪಿಶಾಚಿ ಅಂದರೆ ಸತ್ತವರ ನೆನಪು ಬರುತ್ತದೆ. ಮೋಹಿನಿ ಅನ್ನಲು ಇವಳು ಚೆಲುವೆಯಲ್ಲ. ಮಾರಿ ಅಂದರೆ ದೇವರ ತಂಟೆ, ಬೇಡ.

ಮೊದಲ ಭಾಗ ಮಾತ್ರ ಸಲೀಸು. ಚೆಕ್‌ನಲ್ಲಿ ‘ಪೊಲೆಡ್ನೆ’ ಅಂದರೆ ಅರ್ಧ ದಿನ, ಅಂದರೆ ನಮ್ಮ ನಡುಹಗಲು. ಕಟ್ಟಿದ ರೀತಿಯೂ ಹತ್ತಿರದ್ದೇ. ‘ಮಟಮಟ ಮಧ್ಯಾಹ್ನ’ದಲ್ಲಿ ಹೆದರಿಕೆಯ ನೆರಳು ಜಾಸ್ತಿ, ಆದರೆ ಹೆಸರಾಗಲು ತೀರಾ ಉದ್ದ. ಸದ್ಯಕ್ಕೆ ‘ನಡುಹಗಲ ಗುಮ್ಮ’ ಅಂತ ಇಟ್ಟಿದ್ದೇನೆ, ಅರೆಮನಸ್ಸಿನಿಂದ. ಪೊಲೆಡ್ನಿತ್ಸೆ ಹೆಣ್ಣು, ಗುಮ್ಮ ಗಂಡು.

ಇನ್ನೊಂದು ಸಣ್ಣ ಪ್ರಶ್ನೆ. ಈ ಜಾತಿಯ ಕೃತಿಗೆ ‘ಸ್ವರಕಾವ್ಯ’ ಅನ್ನಬಹುದೇ? ಹಾಡುವವರೇ ಇಲ್ಲದ್ದು ಹೇಗೆ ಕಾವ್ಯ ಅಂತ ಮೊದಲು ಅನಿಸಿತ್ತು. ಆದರೆ ಈ ಸರಣಿಯ ‘ಚಿನ್ನದ ರಾಟೆ’ಯಲ್ಲಿ ಡ್ವೊರ್ಝಾಕ್ ಎಷ್ಟೋ ಕಡೆ ಎರ್ಬೆನ್ನನ ಸಾಲುಗಳ ಮಾತ್ರೆಗೆ ಸರಿಯಾಗಿ ರಾಗ ಕೂರಿಸಿದ್ದಾನೆ. ವೀಣೆಯಲ್ಲಿ ಕೃತಿ ನುಡಿಸುವವರು ಸಾಹಿತ್ಯ ಮನಸ್ಸಿನಲ್ಲಿಟ್ಟುಕೊಂಡು ಮೀಟುತ್ತಾರಲ್ಲ, ಹೆಚ್ಚುಕಡಿಮೆ ಹಾಗೆ. ಹಾಗಾಗಿ ಕಾವ್ಯ ಅನ್ನುವುದಕ್ಕೆ ಈಗ ನನ್ನ ಅಡ್ಡಿ ಇಲ್ಲ. ‘ವಾದ್ಯಕಥನ’ ಅಂತ ಯಾರಾದರೂ ಅಂದರೂ ಒಪ್ಪುತ್ತೇನೆ.

ನಿಮ್ಮ ಕಡೆ ಮಕ್ಕಳನ್ನು ಹೆದರಿಸಲು ಕರೆಯುವ ಹೆಣ್ಣು ಗುಮ್ಮ ಯಾರಾದರೂ ಇದ್ದಾಳಾ? ಮಧ್ಯಾಹ್ನವೇ ಓಡಾಡುವವಳಾದರೆ ಇನ್ನೂ ಒಳ್ಳೆಯದು. ಅಜ್ಜಿ, ದೊಡ್ಡಮ್ಮನ ಬಾಯಲ್ಲಿ ಕೇಳಿದ್ದಿದ್ದರೆ ಹಾಗೇ ಬರೆಯಿರಿ, ತಿದ್ದಬೇಡಿ.