ಬೆಣ್ಣೆ ತಿಂದದ್ದು ಯಾರು?

ಭಾನುವಾರ ಸಂಜೆ ಏಳೂವರೆಗೆ ಮೈಸೂರು ಅತ್ತೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಹಾಕಿದರು. ಯಾರೋ ಹುಡುಗಿ ಕರುವಿನಷ್ಟು ದೊಡ್ಡ ಬೆಕ್ಕನ್ನು ಎರಡೂ ಕೈಯಲ್ಲಿ ಮುಂದೆ ಚಾಚಿ ಹಿಡಿದಿದ್ದಾಳೆ. ಕೆಳಗೆ ಬರಹ:

"ಎಚ್ಚರ! ಈ ಬೆಕ್ಕು ಅಮೆರಿಕದ ರಕೂನ್ ಎಂಬ ಕಾಡುಪ್ರಾಣಿಗೂ ಬೆಕ್ಕಿಗೂ ಹುಟ್ಟಿದ್ದು. 25 ಕಿಲೋ ತೂಗುತ್ತದೆ. ಬೇಸಿಗೆಯಲ್ಲಿ ಕೂದಲು ಬೋಳಿಸದಿದ್ದರೆ ಸಾಯುತ್ತದೆ. ಹತ್ತು ಜನಕ್ಕೆ ಕಳಿಸಿ."

ಅತ್ತೆ ತಮ್ಮದೊಂದು ಸಾಲು ಸೇರಿಸಿದ್ದರು: "ನಮ್ಮ ಹುಡುಗಿ ಸಾಕಿರೋದು ಇದನ್ನೇ ಅಲ್ವಾ?"

ಹುಡುಗಿ ಅಂದರೆ ದೊಡ್ಡಪ್ಪನ ಮಗಳು, ನಮ್ಮ ಅಕ್ಕ. ವಯಸ್ಸು 42. ಇರುವುದು ಅಮೆರಿಕದ ಮೇನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ. ಫೋಟೋದಲ್ಲಿದ್ದ ಮೇನ್ ಕೂನ್ ತಳಿಯ ಬೆಕ್ಕಿಗೆ ಅದೇ ತವರು. 1985ರಲ್ಲಿ ಅದನ್ನು ರಾಜ್ಯದ ಅಧಿಕೃತ ಬೆಕ್ಕು ಅಂತಲೂ ಮಾಡಿದ್ದಾರೆ.

ಒಂದೇ ನಿಮಿಷಕ್ಕೆ ಬೆಂಗಳೂರು ಭಾವ ಹಾಜರ್.

ಭಾವ: ಮೂಲ ಎಲ್ಲಿ?

ಚಿಕ್ಕಪ್ಪ: ಅದು ಎಲ್ಲಿರುತ್ತದೆ ಅಂತ ಎಲ್ಲರಿಗೂ ಗೊತ್ತು. ಡಾಕ್ಟರಿಗೆ ತೋರಿಸು.

ಭಾವ: ತಮಾಷೆ ಬೇಡ. ರಕೂನಿಗೂ ಬೆಕ್ಕಿಗೂ ಮರಿ ಹುಟ್ಟುವುದಿಲ್ಲ. ಬಾಲ ಒಂದೇ ಥರ ಕಾಣುತ್ತದೆ ಅಂತ ಯಾರೋ ಕಟ್ಟಿದ ಕಥೆ.

ಅತ್ತೆ: ನಾನು ಬರೆದದ್ದಲ್ಲಪ್ಪ. ಬಂದದ್ದನ್ನು ಕಳಿಸಿದೆ.

ಭಾವ: ಲಾಕ್‌ಡೌನಿನಲ್ಲೂ ಹೀಗೇ ಹೇಳಿದಿರಿ. ಎರಡು ತಿಂಗಳು ಕಷಾಯ ಕುಡಿಸಿದಿರಿ.

ಅತ್ತೆ: ಕುಡಿದವರು ಯಾರಾದರೂ ಸತ್ತರಾ?

ಸಾಗರದಿಂದ ದೊಡ್ಡಪ್ಪ ಬಂದರು. ಅವರ ಸಂದೇಶ ಯಾವಾಗಲೂ ಉದ್ದ. ಕೊನೆಯಲ್ಲಿ ಮೂರು ಕೈಮುಗಿದ ಚಿತ್ರ.

ದೊಡ್ಡಪ್ಪ: ಹಿಂದೆ ಬೆಕ್ಕು ಸಾಕುತ್ತಿದ್ದದ್ದು ಇಲಿ ಹಿಡಿಯಲು. ಈಗ ಬೆಕ್ಕಿಗೆ ಹಾಸಿಗೆ, ಬಾಚಣಿಗೆ, ಡಾಕ್ಟರು. ಹೆತ್ತವರಿಗೆ ಹದಿನೈದು ದಿನಕ್ಕೊಂದು ವಿಡಿಯೋ ಕಾಲ್. ಇದನ್ನು ಯಾರಿಗೂ ಅಂತ ಹೇಳುತ್ತಿಲ್ಲ.

ಅಕ್ಕನಿಗೆ ಅಲ್ಲಿ ಬೆಳಿಗ್ಗೆ ಹತ್ತೂವರೆ. ಕಾಫಿ ಕುಡಿದಿದ್ದಳು ಅಂತ ಕಾಣುತ್ತದೆ.

ಅಕ್ಕ: ಅಪ್ಪಾ, ಪ್ರತಿ ವಾರ ಮಾಡುತ್ತೇನೆ. ಫೋನ್ ಎತ್ತುವುದು ಅಮ್ಮ ಒಬ್ಬಳೇ.

ಅಕ್ಕ: ಅತ್ತೆ, ಗಂಡು ಸಾಮಾನ್ಯವಾಗಿ 6ರಿಂದ 8 ಕಿಲೋ. ಪೂರ್ತಿ ಬೆಳೆಯಲು ಮೂರರಿಂದ ಐದು ವರ್ಷ ಬೇಕು. ಕ್ಯಾಮೆರಾ ಮುಂದೆ ಹಾಗೆ ಚಾಚಿ ಹಿಡಿದರೆ ಸೌತೆಕಾಯಿಯೂ ಬೂದುಗುಂಬಳ.

ಅಕ್ಕ: ಬೋಳಿಸಲೇಬಾರದು. ವಾರಕ್ಕೆ ಎರಡು ಮೂರು ಸಲ ಬಾಚಿದರೆ ಸಾಕು. ಹೊಟ್ಟೆ ಮತ್ತು ಕಂಕುಳಲ್ಲಿ ಜಡೆಗಟ್ಟುತ್ತದೆ, ಬಿಟ್ಟರೆ ಚರ್ಮ ಎಳೆದು ನೋಯುತ್ತದೆ. ಗಾತ್ರ ನೋಡಿ ಹೆದರಬೇಡಿ. ದನಿ ಹಕ್ಕಿಯದು, ಮಿಯಾವ್‌ಗಿಂತ ಚಿರ್ ಚಿರ್ ಜಾಸ್ತಿ.

ಅಕ್ಕ: ನಿಜವಾಗಿ ಹೆದರಬೇಕಾದ್ದು ಹೃದಯಕ್ಕೆ. ಈ ತಳಿಯಲ್ಲಿ ಹೃದಯದ ಗೋಡೆ ದಪ್ಪವಾಗುವ ಕಾಯಿಲೆ ಇದೆ. ಅದರ ಒಂದು ಜೀನ್ ದೋಷ 2005ರಲ್ಲಿ ಗೊತ್ತಾಯಿತು. ಆದರೆ ಜೀನ್ ಪರೀಕ್ಷೆ ಸರಿ ಬಂದರೂ ಕಾಯಿಲೆ ಬರಬಹುದು. ರಕ್ತ ಹೆಪ್ಪುಗಟ್ಟಿ ಹಿಂಗಾಲು ಇದ್ದಕ್ಕಿದ್ದ ಹಾಗೆ ಬಿದ್ದುಹೋಗುವುದೂ ಉಂಟು. ಅಲ್ಲಿಯವರೆಗೆ ಹೊರಗಿನಿಂದ ಏನೂ ಕಾಣದೆಯೂ ಇರಬಹುದು.

ಅಕ್ಕ: ನಾಳೆ ಬೆಳಿಗ್ಗೆ ಗುಂಡನಿಗೆ ಎಕೋ ಇದೆ, ಹೃದಯದ ಸ್ಕ್ಯಾನ್. ನನಗೆ ಭಯ.

ಇಲ್ಲಿ ಯಾರಾದರೂ ಒಂದು ಮಾತು ಆಡಬೇಕಿತ್ತು. ನಾನೂ ಆಡಲಿಲ್ಲ. ಏಕೆಂದರೆ ಅಷ್ಟರಲ್ಲಿ ಶಿರಸಿ ತಮ್ಮ ಅಟ್ಟ ಹತ್ತಿದ್ದ.

ಶಿರಸಿ ತಮ್ಮ: ಅಜ್ಜನ ಮನೆ ಕರಿಯ ನೆನಪಿದೆಯಾ? ಅಟ್ಟದ ಅಡಕೆ ಮೂಟೆ ಮೇಲೆ ಮಲಗುತ್ತಿತ್ತು. ಶ್ರಾದ್ಧದ ದಿನ ಅಜ್ಜಿ ಅದನ್ನು ಬುಟ್ಟಿ ಅಡಿ ಮುಚ್ಚಿಡುತ್ತಿದ್ದರು. ಎಂಥ ದಿನಗಳು!

ಅತ್ತೆ: ಪಾಪದ ಬೆಕ್ಕು. ಬೆಣ್ಣೆ ಕದ್ದ ಹೆಸರು ಬೇರೆ ಅದಕ್ಕೆ.

ಬಂತು. 1994ರಲ್ಲಿ ನನ್ನ ಉಪನಯನದ ಹಿಂದಿನ ದಿನ ನೆಲುವಿನಲ್ಲಿಟ್ಟ ಒಂದು ಚಟ್ಟಿ ಬೆಣ್ಣೆ ಖಾಲಿಯಾಗಿತ್ತು. ಚಿಕ್ಕಪ್ಪ ಕರಿಯನ ಹೆಸರು ಹೇಳಿದ್ದರು. ಅತ್ತೆ ಈವರೆಗೂ ಅದನ್ನು ಒಪ್ಪಿಲ್ಲ.

ಅತ್ತೆ: ತೂಗುಹಾಕಿದ ನೆಲುವು ಬೆಕ್ಕಿಗೆ ಹೇಗೆ ಎಟುಕುತ್ತದೆ? ಚಟ್ಟಿಯ ಮುಚ್ಚಳ ಬೇರೆ ವಾಪಸ್ ಮುಚ್ಚಿತ್ತು!

ಭಾವ: ಎತ್ತರದ ಮಾತು ಬಂದದ್ದಕ್ಕೆ ಹೇಳುತ್ತೇನೆ. 2018ರಲ್ಲಿ ಗಿನ್ನೆಸ್ ದಾಖಲೆ ಮಾಡಿದ ಇಟಲಿಯ ಬಾರಿವೆಲ್ ಅನ್ನುವ ಮೇನ್ ಕೂನ್ ಮೂಗಿನಿಂದ ಬಾಲದ ತುದಿಗೆ 120 ಸೆಂಟಿಮೀಟರ್.

ಚಿಕ್ಕಪ್ಪ: ನೋಡಿದಿರಾ, ಎಟುಕುತ್ತದೆ.

ಅತ್ತೆ: ಕರಿಯ ಇಟಲಿಯದಲ್ಲ!

ದೊಡ್ಡಪ್ಪ: ಹಿರಿಯರ ಮನೆಯ ವಿಷಯ ಗುಂಪಿನಲ್ಲಿ ಬೇಡ.

ಅತ್ತೆ: ಪಾಲಿನ ದಿನ ಕಂಚಿನ ಹಂಡೆ ಎಲ್ಲಿ ಹೋಯಿತು ಅನ್ನುವುದೂ ಬೇಡ್ವಾ?

ಹಂಡೆಯ ಮೇಲೆ 61 ಸಂದೇಶ ಹೋದವು. ಅದನ್ನು ಇಲ್ಲಿ ಬರೆಯುವುದಿಲ್ಲ. ಹಂಡೆ ನಮ್ಮ ಮನೆಯಲ್ಲೇ ಇದೆ.

ರಾತ್ರಿ ಹತ್ತಕ್ಕೆ ಹುಬ್ಬಳ್ಳಿ ದೊಡ್ಡತ್ತೆ ಗುಂಪು ತೆರೆದರು. 81 ವರ್ಷ, ಕಣ್ಣು ಮಂಜು. ಬೆಕ್ಕು, ಬೆಣ್ಣೆ, ಹಂಡೆ ಎಲ್ಲ ಬಿಟ್ಟು ಒಂದೇ ಸಾಲು ಓದಿದರು. ಗುಂಡನಿಗೆ ಎಕೋ. ಅವರಿಗೆ ಲೋಕದಲ್ಲಿ ಒಬ್ಬನೇ ಗುಂಡ: ತಮ್ಮ, ಅಂದರೆ ನಮ್ಮ ದೊಡ್ಡಪ್ಪ. ತೊಟ್ಟಿಲಲ್ಲಿ ಇಟ್ಟ ಹೆಸರು, ಈಗ ಕರೆಯುವವರು ಅವರೊಬ್ಬರೇ.

ಸಾಗರಕ್ಕೆ ಫೋನ್ ಹೋಯಿತು. ದೊಡ್ಡಪ್ಪ ಮಲಗಿದ್ದರು, ದೊಡ್ಡಮ್ಮ ಎತ್ತಿದರು. "ನನಗೆ ಹೇಳದೆ ಎಕೋ ಮಾಡಿಸ್ತಾ ಇದ್ದಾರಾ?" ಅಂತ ಅವರೂ ಅತ್ತರು. ಹತ್ತೂವರೆಗೆ ಶಿರಸಿ ತಮ್ಮ ಕಾರು ಹೊರಗೆ ತೆಗೆದಿದ್ದ. ಮೂಲ ಕೇಳುವ ಭಾವ ಯಾವ ಮೂಲವನ್ನೂ ಕೇಳದೆ ಬೆಂಗಳೂರಿನ ಹೃದಯ ಡಾಕ್ಟರೊಬ್ಬರ ನಂಬರ್ ಹಾಕಿದರು.

ದೊಡ್ಡಪ್ಪ: ನನಗೆ ಏನೂ ಆಗಿಲ್ಲ. ಯಾರೂ ಹೊರಡಬೇಡಿ.

ದೊಡ್ಡಪ್ಪ: ಬೆಕ್ಕಿಗೆ ನನ್ನ ಹೆಸರಾ?

ಅಕ್ಕ: ಅದೂ ನಿಮ್ಮ ಹಾಗೇ ಅಪ್ಪಾ. ಕರೆದರೆ ಬರುವುದಿಲ್ಲ, ಪಕ್ಕದ ಕೋಣೆಯಲ್ಲಿ ಕೂತು ನೋಡುತ್ತಿರುತ್ತದೆ.

ಹತ್ತು ನಿಮಿಷ ಗುಂಪು ಮೌನ. ಕೈಮುಗಿದ ಚಿತ್ರವೂ ಬರಲಿಲ್ಲ.

ದೊಡ್ಡಪ್ಪ: ಎಕೋ ಎಷ್ಟು ಹೊತ್ತಿಗೆ?

ಅಕ್ಕ ಉತ್ತರ ಬರೆಯುವುದರೊಳಗೆ ಚಿಕ್ಕಪ್ಪ ನುಗ್ಗಿದರು.

ಚಿಕ್ಕಪ್ಪ: ಬೆಣ್ಣೆ ತಿಂದದ್ದು ಬೆಕ್ಕೇ ಅಂತ ನಾನು 1994ರಿಂದ ಹೇಳುತ್ತಿದ್ದೇನೆ. ಅದರ ಹೆಸರು ಗುಂಡ ಅಂತ ಇವತ್ತು ಗೊತ್ತಾಯಿತು.